ಗೊಣಗುವ ಬಾಗಿಲು

ಊರಮನೆಯಲ್ಲಿ ಬಾಗಿಲು ಕಿರುಗುಟ್ಟುವುದೂ ಒಂದು ಸೌಕರ್ಯವೇ. ನಡುರಾತ್ರಿ ಹೆಬ್ಬಾಗಿಲು ಕಿರ್ರೆಂದರೆ ಚಾವಡಿಯಲ್ಲಿ ಮಲಗಿದ್ದ ಅಜ್ಜ ಕಣ್ಣು ಬಿಡದೆಯೇ "ಯಾರದು?" ಎನ್ನುತ್ತಿದ್ದರು. ಯಕ್ಷಗಾನ ನೋಡಿ ಬಂದವರು, ಅಡಿಕೆ ಕದಿಯಲು ಬಂದವರು, ಹಗ್ಗ ಬಿಡಿಸಿಕೊಂಡ ಕರು, ಎಲ್ಲರೂ ಆ ಬಾಗಿಲಿಗೆ ಲೆಕ್ಕ ಒಪ್ಪಿಸಿಯೇ ಒಳಗೆ ಬರಬೇಕು. ಹೇಳದೆ ಕೇಳದೆ ಬಿಜಾಗರಿಗೆ ಎಣ್ಣೆ ಬಿಟ್ಟ ಹುಡುಗನ ಮೇಲೆ ಮನೆಮಂದಿಗೆಲ್ಲ ಒಂದು ಕಣ್ಣು. ಇವತ್ತು ಮೇಳದ ಆಟ ಯಾವ ಊರಿನಲ್ಲಿ ಎಂದು ವಿಚಾರಿಸುತ್ತಿದ್ದರು.

ಇಂಥ ಮನೆಯಲ್ಲಿ ಬೆಳೆದವನಿಗೆ ದುಬೈಯಲ್ಲಿ ಒಂದು ಪಿಕಪ್ಪಿನ ಬಾಗಿಲು ಕಿರ್ರೆಂದದ್ದಕ್ಕೆ ತಲೆ ಕೆಡಬಾರದಿತ್ತು. ಕೆಟ್ಟಿತು. ಇದಕ್ಕೆಲ್ಲ ಇಲ್ಲಿನ ರಸ್ತೆಯೇ ಹೊಣೆ ಎಂಬುದು ನನ್ನ ವಾದ. ಮಳೆಗಾಲದ ಶಿರಾಡಿ ಘಾಟಿಯಲ್ಲಿ ಹೊಂಡ ಹತ್ತಿಳಿಯುವಾಗ ಬಾಗಿಲಿನ ಮಾತು ಹಾಗಿರಲಿ, ಜೀಪಿಗೆ ಜೀಪೇ ಬೊಬ್ಬೆ ಹಾಕುತ್ತದೆ. ಆ ಗದ್ದಲದಲ್ಲಿ ಯಾವ ರಬ್ಬರು ಏನೆಂದಿತು ಎಂದು ಕೇಳಿಸಿಕೊಳ್ಳಲು ಯಾರಿಗೆ ಪುರುಸೊತ್ತು? ದುಬೈಯಿಂದ ಅಬುಧಾಬಿಗೆ ಹೋಗುವ ಇ-11 ಹೆದ್ದಾರಿಯ ಕಥೆ ಬೇರೆ. ಸುಮಾರು 140 ಕಿಲೋಮೀಟರಿನ ಆ ದಾರಿಯಲ್ಲಿ ಚಕ್ರಕ್ಕೆ ಕಲ್ಲು ಸಿಗುವುದಿಲ್ಲ, ಕಿವಿಗೆ ಹಾರ್ನು ಸಿಗುವುದಿಲ್ಲ. ಎ.ಸಿ.ಯ ಗಾಳಿ, ಟಯರಿನ ಒಂದೇ ಸಮನೆಯ ಗುಂಯ್, ಅಷ್ಟೇ. ಜೆಬೆಲ್ ಅಲಿ ದಾಟಿ ಘಂತೂತ್ ಹತ್ತಿರವಾಗುವ ಹೊತ್ತಿಗೆ ಬೆನ್ನ ಹಿಂದೆ ಎಲ್ಲೋ "ಕಿರ್...ರ್" ಎಂದು ಒಂದು ಸಣ್ಣ ಸದ್ದು. ಒಮ್ಮೆ ಕೇಳಿತೆಂದರೆ ಮುಗಿಯಿತು. ಆಮೇಲೆ ಅದನ್ನಲ್ಲದೆ ಬೇರೇನನ್ನೂ ಕಿವಿ ಕೇಳುವುದಿಲ್ಲ.

1958ರಲ್ಲಿ ಡೇವಿಡ್ ಒಗಿಲ್ವಿ ಎಂಬ ಜಾಹೀರಾತಿನ ಪುಣ್ಯಾತ್ಮ ರೋಲ್ಸ್ ರಾಯ್ಸ್ ಕಾರನ್ನು ಹೊಗಳಿದ ರೀತಿ ಪ್ರಸಿದ್ಧ. ಗಂಟೆಗೆ 60 ಮೈಲಿ ವೇಗದಲ್ಲಿ ಹೋಗುವಾಗ ಆ ಕಾರಿನೊಳಗೆ ಎಲ್ಲಕ್ಕಿಂತ ದೊಡ್ಡ ಸದ್ದು ಅದರ ಗಡಿಯಾರದ್ದಂತೆ. ಓದಿದವರು ಮರುಳಾದರು. ಕಾರು ಕೊಂಡ ಮೇಲೆ ಆ ಗಡಿಯಾರದ ಟಿಕ್ ಟಿಕ್ ತಾಳಲಾರದೆ ಎಷ್ಟು ಮಂದಿ ಹಲ್ಲು ಕಚ್ಚಿಕೊಂಡರೋ, ಅದನ್ನು ಯಾರೂ ಜಾಹೀರಾತು ಮಾಡಲಿಲ್ಲ. ಗಾಡಿ ಸುಮ್ಮನಾದಷ್ಟೂ ಒಳಗಿನ ಚಿಕ್ಕಪುಟ್ಟ ಸದ್ದುಗಳಿಗೆ ಮಾತಿನ ಸರದಿ ಸಿಗುತ್ತದೆ. ಎಂಜಿನ್ನೇ ಇಲ್ಲದ ಎಲೆಕ್ಟ್ರಿಕ್ ಕಾರು ಕೊಂಡವರ ಪಾಡು ಇನ್ನೂ ಕಷ್ಟ.

ನಾನು ಓಡಿಸುವುದು ಡಬಲ್ ಕ್ಯಾಬಿನ್ ಪಿಕಪ್. ಕಟ್ಟಡಗಳ ಎ.ಸಿ., ಪಂಪು ನೋಡಿಕೊಳ್ಳುವ ಕೆಲಸ. ವಾರವಿಡೀ ಹಿಂದೆ ಪೈಪು, ಏಣಿ, ಗ್ಯಾಸ್ ಸಿಲಿಂಡರು. ರಜೆಯ ದಿನ ಹೆಂಡತಿ, ಮಗಳು, ತರಕಾರಿ. ಫೋಟೋ ನೋಡಿದವರಿಗೆ ಈ ದೇಶ ಎಂದರೆ ಬುರ್ಜುಗಳು. ಬೆಳಿಗ್ಗೆ ಐದೂವರೆಗೆ ರಸ್ತೆಗಿಳಿದವರಿಗೆ ಗೊತ್ತು, ಆ ಬುರ್ಜುಗಳನ್ನೆಲ್ಲ ಹೊತ್ತು ತಿರುಗುವುದು ಹೈಲಕ್ಸ್, ನವಾರಾ, ಡಿ-ಮ್ಯಾಕ್ಸ್, ಎಲ್-200ಗಳು. ಟೊಯೋಟಾದವರು ಹೈಲಕ್ಸನ್ನು ಮೊದಲು ರಸ್ತೆಗೆ ತಂದದ್ದು 1968ರಲ್ಲಿ, ಎಂದರೆ ಏಳು ಎಮಿರೇಟುಗಳು ಒಂದು ದೇಶವಾಗುವುದಕ್ಕೂ ಮೊದಲು. ಅಲ್ ಐನ್ ಕಡೆಗೆ ಹೋದರೆ ಪಿಕಪ್ಪಿನ ಹಿಂದೆ ಮಂಡಿಯೂರಿ ಕುಳಿತ ಒಂಟೆ, ಕತ್ತು ನೆಟ್ಟಗೆ ಮಾಡಿ ಹಿಂದಿನ ಗಾಡಿಯವರನ್ನು ತಾತ್ಸಾರದಿಂದ ನೋಡುತ್ತ ಹೋಗುವುದು ಕಾಣುತ್ತದೆ. ಆ ಭಾರಕ್ಕೆ ಗಾಡಿಯ ಪ್ರತಿ ಕೀಲೂ ನರಳುತ್ತಿರಬೇಕು. ಒಡೆಯನಿಗೆ ಅದರ ಗೊಡವೆಯಿಲ್ಲ, ಅವನ ರೇಡಿಯೋ ಜೋರಾಗಿರುತ್ತದೆ.

ರೇಡಿಯೋ ಜೋರು ಮಾಡುವುದು ಈ ಕಾಯಿಲೆಗೆ ಎಲ್ಲರೂ ಮೊದಲು ಹೇಳುವ ಮದ್ದು. ಕಂಪನಿಯ ವಾಹನ ನೋಡಿಕೊಳ್ಳುವವರೂ ನನಗೆ ಅದನ್ನೇ ಹೇಳಿದರು. ಬ್ರೇಕ್ ಹಿಡಿಯುತ್ತದಾ? ಎ.ಸಿ. ತಂಪಾಗುತ್ತದಾ? ಮತ್ತೆಂತದು ನಿಮ್ಮ ಸಮಸ್ಯೆ? ಅವರ ಮಾತು ನ್ಯಾಯವೇ. ಪ್ರತಿವರ್ಷ ಮುಲ್ಕಿಯಾ ಎಂಬ ನೋಂದಣಿ ಪತ್ರ ಹೊಸತು ಮಾಡಿಸಲು ಗಾಡಿಯನ್ನು ತಪಾಸಣೆಗೆ ಒಯ್ದರೆ ಬ್ರೇಕ್ ನೋಡುತ್ತಾರೆ, ದೀಪ ನೋಡುತ್ತಾರೆ, ಟಯರು ತಯಾರಾಗಿ ಐದು ವರ್ಷ ದಾಟಿತೋ ಎಂದು ಅದರ ಮೇಲಿನ ಅಂಕಿ ಓದುತ್ತಾರೆ. ಬಾಗಿಲು ಗೊಣಗುತ್ತದೆಯೋ ಎಂದು ಕೇಳುವ ಕಲಮು ಅಲ್ಲಿಲ್ಲ. ಆದರೆ ಕಾರು ತಯಾರಿಸುವ ಕಂಪನಿಗಳಲ್ಲಿ ಇದೇ ಒಂದು ವಿಭಾಗ. ನಾಲ್ಕು ಚಕ್ರಗಳನ್ನು ನಾಲ್ಕು ಕಂಬಗಳ ಮೇಲೆ ನಿಲ್ಲಿಸಿ, ಸದ್ದಿಲ್ಲದ ಕೋಣೆಯಲ್ಲಿ ಗಾಡಿಯನ್ನು ಕುಲುಕಿ ಕುಲುಕಿ, ಎಲ್ಲಿ ಕಿರುಗುಟ್ಟಿತು, ಎಲ್ಲಿ ಕಟಗುಟ್ಟಿತು ಎಂದು ಸಂಬಳ ತೆಗೆದುಕೊಂಡು ಕೇಳುವ ಎಂಜಿನಿಯರುಗಳಿದ್ದಾರೆ. ನನ್ನಂಥವರು ಅದನ್ನು ಪುಕ್ಕಟೆ ಮಾಡುತ್ತೇವೆ.

ಪಿಕಪ್ಪಿಗೆ ಈ ಚಾಳಿ ಹುಟ್ಟಿನಿಂದಲೇ ಬಂದದ್ದು. ಸಾಮಾನ್ಯ ಕಾರಿನ ಮೈ ಇಡಿಯಾಗಿ ಒಂದೇ ಕಟ್ಟು. ಪಿಕಪ್ಪಿನಲ್ಲಿ ಉಕ್ಕಿನ ಚಾಸಿ ಬೇರೆ, ನಾವು ಕೂರುವ ಕ್ಯಾಬಿನ್ ಬೇರೆ. ಚಾಸಿಯ ಮೇಲೆ ರಬ್ಬರ್ ಬುಶ್ಶುಗಳನ್ನಿಟ್ಟು ಕ್ಯಾಬಿನ್ನನ್ನು ಬೋಲ್ಟು ಹಾಕಿ ಕೂರಿಸಿರುತ್ತಾರೆ. ಹಳೆಯ ಮಂಚದ ಮೇಲೆ ಟ್ರಂಕು ಇಟ್ಟ ಹಾಗೆ: ಮಂಚದ ಒಂದು ಕಾಲು ತಗ್ಗಿಗೆ ಬಿದ್ದರೆ ಟ್ರಂಕಿನ ಮುಚ್ಚಳ ಓರೆಯಾಗುತ್ತದೆ. ರಸ್ತೆಯ ಉಬ್ಬಿಗೆ ಒಂದು ಚಕ್ರ ಮೊದಲು ಏರಿದಾಗ ಚಾಸಿ ಕೂದಲೆಳೆಯಷ್ಟು ತಿರುಚಿಕೊಳ್ಳುತ್ತದೆ, ಕ್ಯಾಬಿನ್ನೂ ಅದರ ಜೊತೆ ತುಸು ಬಳುಕುತ್ತದೆ. ಕ್ಯಾಬಿನ್ನಿನಲ್ಲಿ ಅತಿ ದೊಡ್ಡ ತೂತುಗಳೆಂದರೆ ಬಾಗಿಲುಗಳೇ. ಹಾಗಾಗಿ ಬಳುಕು ಹೆಚ್ಚು ಕಾಣುವುದು ಅಲ್ಲಿ. ನಡುವೆ ಕಂಬವಿಲ್ಲದೆ ಹಿಂದಿನ ಬಾಗಿಲು ಉಲ್ಟಾ ತೆರೆಯುವ ಒಂದೂವರೆ ಕ್ಯಾಬಿನ್ನಿನ ಗಾಡಿಗಳಲ್ಲಂತೂ ಈ ಕಾಟ ಇನ್ನೂ ಹೆಚ್ಚು.

ಬಾಗಿಲಿನ ಸುತ್ತ ಇರುವ ಬೀಡಿಂಗ್ ರಬ್ಬರು ಬಣ್ಣ ಹಚ್ಚಿದ ತಗಡಿಗೆ ಒತ್ತಿಕೊಂಡು ನಿಂತಿರುತ್ತದೆ. ಕ್ಯಾಬಿನ್ ಬಳುಕಿದಾಗ ರಬ್ಬರು ತಗಡನ್ನು ಬಿಡಲೊಲ್ಲದೆ ಹಿಡಿದುಕೊಳ್ಳುತ್ತದೆ, ತಾಳಲಾರದಾಗ ಜಾರುತ್ತದೆ, ಮತ್ತೆ ಹಿಡಿಯುತ್ತದೆ. ಸೆಕೆಂಡಿಗೆ ನೂರಾರು ಸಲ ಹೀಗೆ ಹಿಡಿದು ಬಿಟ್ಟು ಮಾಡಿದರೆ ಹುಟ್ಟುವುದೇ ಕಿರ್ರೆಂಬ ಸದ್ದು. ರಾಳ ತಿಕ್ಕಿದ ಕಮಾನು ಪಿಟೀಲಿನ ತಂತಿಯ ಮೇಲೆ ಮಾಡುವುದೂ ಇದನ್ನೇ. ಸಭೆಯ ಕೊನೆಯ ಸಾಲಿಗೂ ಕೇಳಬೇಕೆಂದು ಮೈಸೂರಿನ ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಕಟ್ಟಿದರು. ನನ್ನ ಪಿಕಪ್ಪಿಗೆ ನಾಲ್ಕು ಬಾಗಿಲೇ ಸಾಕಾಯಿತು. ರಾಳದ ಜಾಗದಲ್ಲಿ ಇಲ್ಲಿ ಮರುಭೂಮಿಯ ಧೂಳು.

ಇದರ ಮೇಲೆ ಬಿಸಿಲು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಯಲಿನಲ್ಲಿ ಕೆಲಸ ಮಾಡಿಸುವಂತಿಲ್ಲ ಎಂದು ಇಲ್ಲಿ ಕಾನೂನಿದೆ. ಮನುಷ್ಯರಿಗೆ ವಿರಾಮ ಉಂಟು, ನಿಲ್ಲಿಸಿಟ್ಟ ಗಾಡಿಗಿಲ್ಲ. ಮೀಟರು ಉದ್ದದ ಪ್ಲಾಸ್ಟಿಕ್ ಪಟ್ಟಿ 40 ಡಿಗ್ರಿಯಷ್ಟು ಹೆಚ್ಚು ಕಾದರೆ ಮೂರು ಮಿಲಿಮೀಟರಿಗೂ ಮೀರಿ ಹಿಗ್ಗುತ್ತದೆ. ಅದನ್ನು ಹಿಡಿದುಕೊಂಡ ಉಕ್ಕಿನ ತಗಡು ಹಿಗ್ಗುವುದು ಅರ್ಧ ಮಿಲಿಮೀಟರು. ಇಬ್ಬರೂ ಒಂದೇ ಕ್ಲಿಪ್ಪಿಗೆ ಕಟ್ಟುಬಿದ್ದವರು. ಜಗಳವಾಗದೆ ಇರುತ್ತದೆಯೇ? ಆದ್ದರಿಂದ ಬೆಳಗಿನ ಜಾವ ಮೌನವ್ರತದಲ್ಲಿದ್ದ ಗಾಡಿ ಮಧ್ಯಾಹ್ನ ಮೂರಕ್ಕೆ ಗಿಜಿಗಿಜಿ ಎನ್ನುತ್ತದೆ. ಗ್ಯಾರೇಜಿಗೆ ಒಯ್ಯುವ ಸಂಜೆ ಆರಕ್ಕೆ ಮತ್ತೆ ಸಾಧುವಾಗಿರುತ್ತದೆ. ಮೆಕ್ಯಾನಿಕ್ಕಿನ ಎದುರು ಸದ್ದು ಮಾಡಿದ ಬಾಗಿಲನ್ನು ನಾನು ಕಂಡಿಲ್ಲ.

ಸದ್ದು ಎಲ್ಲಿಂದ ಬರುತ್ತದೆ ಎಂಬುದರಲ್ಲಿ ನಮ್ಮ ಮನೆಯಲ್ಲೇ ಒಮ್ಮತವಿರಲಿಲ್ಲ. ನನ್ನ ಲೆಕ್ಕದಲ್ಲಿ ಅದು ಬಲಗಡೆಯ ಹಿಂಬಾಗಿಲು. ಹಿಂದೆ ಕೂತ ಮಗಳ ಪ್ರಕಾರ ಮುಂದಿನ ಬಾಗಿಲು. "ಬಾಗಿಲು ಅಲ್ಲವೇ ಅಲ್ಲ, ನಿಮ್ಮ ಸೀಟಿನ ಅಡಿಯಲ್ಲಿ ಎಂತದೋ ಉಂಟು ನೋಡಿ" ಎಂದಳು ಹೆಂಡತಿ. ನೋಡಿದರೆ ಉಂಟು: ಒಂದು ಸ್ಪ್ಯಾನರು, ಹೋದ ವರ್ಷದ ಒಂದು ಜೆಲುಸಿಲ್ ಬಾಟಲಿ. ತೆಗೆದದ್ದಾಯಿತು, ಸದ್ದು ಹೋಗಲಿಲ್ಲ. ತಗಡಿನಲ್ಲಿ ಸದ್ದು ಹುಟ್ಟಿದಲ್ಲೇ ನಿಲ್ಲುವುದಿಲ್ಲ. ಕಂಬದ ಗುಂಟ ಹರಿದು ಮತ್ತೆಲ್ಲೋ ತಲೆಯೆತ್ತುತ್ತದೆ. ಕಿವಿ ತೋರಿಸಿದ ಕಡೆಯೇ ಬಿಚ್ಚುತ್ತ ಹೋದರೆ ಇಡೀ ಗಾಡಿ ನೆಲದ ಮೇಲೆ ಹರಡಿಕೊಂಡಿರುತ್ತದೆ.

ಅಲ್ ಕೂಜ್‌ನ ಒಂದು ಗ್ಯಾರೇಜಿಗೆ ಮೊದಲು ಹೋದೆ. ಹೆಸರು ಬೇಡ. "ಆವಾಜ್ ಕೈಸಾ ಹೈ ಭಾಯ್?" ಎಂದ ಅಲ್ಲಿನ ಪಂಜಾಬಿ ಹುಡುಗ. "ಕಿರ್ರ್" ಎಂದೆ. ಅವನು ತಲೆ ಓರೆ ಮಾಡಿ "ಕಿಟ್ ಕಿಟ್?" ಎಂದ. "ಇಲ್ಲ, ಕಿರ್ರ್." "ಚೂಂ ಚೂಂ?" ಪಕ್ಕದ ಗಾಡಿಯ ಕೆಳಗಿನಿಂದ ಮಲಯಾಳಿ ಎಲೆಕ್ಟ್ರಿಷಿಯನ್ ಒಬ್ಬ ತಲೆ ಹೊರಹಾಕಿ "ಕಿರುಕಿರಾ ಅಲ್ಲವಾ ಸಾರ್?" ಎಂದು ನನ್ನ ಪಕ್ಷ ವಹಿಸಿದ. ಐವತ್ತರ ಅಂಚಿನ ನಾನು, ಗ್ರೀಸು ಬಳಿದುಕೊಂಡ ಅವರಿಬ್ಬರು, ಒಂದು ನಿರ್ಜೀವ ಬಾಗಿಲಿನ ಪರವಾಗಿ ಬಗೆಬಗೆಯಲ್ಲಿ ಕೂಗುತ್ತ ನಿಂತೆವು. ಚಹಾ ತಂದ ಹುಡುಗ ಗ್ಲಾಸು ಕೊಡಲು ಮರೆತು ನೋಡುತ್ತಿದ್ದ. ಕೊನೆಗೆ ಆ ಗ್ಯಾರೇಜಿನವರು ಕಂಡಕಂಡ ಸಂದಿಗೆಲ್ಲ ತುಕ್ಕು ಬಿಡಿಸುವ ಎಣ್ಣೆಯ ಸ್ಪ್ರೇ ಹೊಡೆದು ಬಿಲ್ಲು ಕೊಟ್ಟರು. ಸದ್ದು ಒಂದು ವಾರ ರಜೆ ಹಾಕಿ, ಮೊದಲಿಗಿಂತ ಗಟ್ಟಿಮುಟ್ಟಾಗಿ ಕೆಲಸಕ್ಕೆ ಹಾಜರಾಯಿತು.

ಎಣ್ಣೆಯ ವಿಷಯದಲ್ಲಿ ನಮ್ಮವರಿಗೆ ವಿಪರೀತ ಭಕ್ತಿ. ಎತ್ತಿನ ಗಾಡಿಯ ಅಚ್ಚಿಗೆ ಹರಳೆಣ್ಣೆಯಲ್ಲಿ ಹುಲ್ಲುಕರಿ ಕಲಸಿದ ಕೀಲೆಣ್ಣೆ ಹಾಕಿದವರ ಮೊಮ್ಮಕ್ಕಳು ನಾವು. ಮರಕ್ಕೆ ಕಬ್ಬಿಣ ತಿಕ್ಕುವಲ್ಲಿ ಅದು ಸರಿ. ಉಡುಪಿ ಕಡೆಯ ನನ್ನ ಸ್ನೇಹಿತನಂತೂ "ನೀವು ಸುಮ್ಮನೆ ತೆಂಗಿನೆಣ್ಣೆ ಬಿಡಿ ಮಾರಾಯ್ರೆ, ಊರಿಂದ ತಂದದ್ದು ಉಂಟು ನನ್ನ ಹತ್ರ" ಎಂದು ಬಾಟಲಿ ಹಿಡಿದುಕೊಂಡೇ ಬಂದ. ತೆಂಗಿನೆಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ. ಜನವರಿಯ ರಾತ್ರಿ ಅದು ಬಿಜಾಗರಿಯಲ್ಲಿ ಮೇಣವಾಗಿ ಕೂರುತ್ತದೆ, ಬೇಸಿಗೆಯಲ್ಲಿ ಕರಗಿ ಹಾರುವ ಮರಳನ್ನೆಲ್ಲ ಅಂಟಿಸಿಕೊಳ್ಳುತ್ತದೆ. ಎಣ್ಣೆಗೆ ಮರಳು ಸೇರಿದರೆ ಆಮೇಲೆ ಅದು ತಿಕ್ಕುವ ಮದ್ದು, ಕಬ್ಬಿಣವನ್ನೇ ಸವೆಸುತ್ತದೆ. ರಬ್ಬರಿಗೆ ಇನ್ನೂ ಕೇಡು. ಬಾಗಿಲಿನ ಬೀಡಿಂಗ್ ಇಪಿಡಿಎಂ ಎಂಬ ಜಾತಿಯದ್ದು. ಬಿಸಿಲು, ಓಝೋನ್, ನೀರು ಎಲ್ಲ ತಡೆಯುತ್ತದೆ, ಪೆಟ್ರೋಲಿಯಂ ಎಣ್ಣೆಯನ್ನು ತಡೆಯುವುದಿಲ್ಲ. ಎಣ್ಣೆ ಕುಡಿದು ಉಬ್ಬುತ್ತದೆ, ಮೆತ್ತಗಾಗುತ್ತದೆ, ತಗಡಿಗೆ ಇನ್ನಷ್ಟು ಅಂಟಿಕೊಳ್ಳುತ್ತದೆ. ಅಲ್ ಕೂಜ್‌ನ ಸ್ಪ್ರೇ ಮಾಡಿದ ಉಪಕಾರ ಅದೇ.

ನಿಜವಾದ ವೈದ್ಯ ಸಿಕ್ಕಿದ್ದು ಅಬುಧಾಬಿಯ ಮುಸಫ್ಫಾದಲ್ಲಿ. ಒಂದು ಸೈಟಿಗೆ ಹೋದವನು ಅಲ್ಲಿನ ಸ್ಟೋರ್ ಕೀಪರ್ ಹೇಳಿದನೆಂದು ಡೆಂಟಿಂಗ್ ಕೆಲಸದ ಒಬ್ಬ ಪಠಾಣ್ ಉಸ್ತಾದರ ಬಳಿ ಗಾಡಿ ನಿಲ್ಲಿಸಿದೆ. ಮೆಹಂದಿ ಹಚ್ಚಿದ ಗಡ್ಡ, ಹೆಗಲ ಮೇಲೆ ಒಂದು ಕೊಳೆ ಬಟ್ಟೆ. ಸದ್ದು ಹೇಗಿದೆ ಎಂದು ಅವರು ಕೇಳಲೇ ಇಲ್ಲ. ಹಿಂದಿನ ಸೀಟಿನಲ್ಲಿ ಕೂತು, ಸಾಲು ಗ್ಯಾರೇಜುಗಳ ನಡುವಿನ ಉಬ್ಬಿನ ಮೇಲೆ ಗಾಡಿಯನ್ನು ಓರೆಯಾಗಿ, ಒಂದೊಂದೇ ಚಕ್ರ ಏರುವ ಹಾಗೆ, ನಡಿಗೆಯ ವೇಗದಲ್ಲಿ ಹತ್ತಿಸಲು ಹೇಳಿದರು. ಚಾಸಿ ತಿರುಚಿಕೊಂಡಿತು, ಬಾಗಿಲು ಕಿರ್ರೆಂದಿತು. ಮೊದಲು ಎಡಗಡೆಯ ಖಾಲಿ ಸೀಟಿನ ಬೆಲ್ಟನ್ನು ಎಳೆದು ಸಿಕ್ಕಿಸಿದರು. ಕಂಬಕ್ಕೆ ತಾಗುತ್ತಿದ್ದ ಅದರ ಬಕಲ್ಲಿನ ಕಟಕಟ ನಿಂತಿತು. ಆಗಲೇ ಗೊತ್ತಾದದ್ದು, ನಾನು ಒಂದೇ ಸದ್ದು ಎಂದುಕೊಂಡದ್ದು ಎರಡು ಎಂದು. ಮತ್ತೆ ಉಬ್ಬು ಏರಿಸಿದೆ. ಈ ಸಲ ಅವರು ಗಾಜನ್ನು ಅರ್ಧ ಇಳಿಸಿ ಕೇಳಿದರು. ಸದ್ದು ಬದಲಾಗಲಿಲ್ಲ, ಗಾಜು ನಿರಪರಾಧಿ. ಇನ್ನೊಮ್ಮೆ ಏರಿಸುವಾಗ ಬಲಬಾಗಿಲಿನ ಮೇಲ್ಮೂಲೆಗೆ ಅಂಗೈ ಒತ್ತಿ ಹಿಡಿದರು. ಸದ್ದು ಸತ್ತುಹೋಯಿತು. ಕೈ ತೆಗೆದರು, ಬಂತು.

ಬಾಗಿಲು ತೆರೆದು ನನ್ನನ್ನು ಬಗ್ಗಿಸಿ ತೋರಿಸಿದರು. ಚೌಕಟ್ಟಿನ ಬಿಳಿ ಬಣ್ಣದ ಮೇಲೆ ಮೇಲ್ಮೂಲೆಯಲ್ಲಿ ಬೆರಳಗಲದ ಒಂದು ಪಟ್ಟಿ, ಸುತ್ತಲಿನ ಬಣ್ಣಕ್ಕಿಂತ ಹೆಚ್ಚು ಹೊಳೆಯುತ್ತಿತ್ತು. ರಬ್ಬರು ತಿಂಗಳುಗಟ್ಟಲೆ ತಿಕ್ಕಿ ಪಾಲಿಶು ಮಾಡಿದ ಜಾಗ. ಹೆಗಲಿನ ಬಟ್ಟೆಯ ತುದಿಯನ್ನು ನೀರಿನಲ್ಲಿ ಅದ್ದಿ ರಬ್ಬರಿನ ತುಟಿಯನ್ನು ಮಡಚಿ ಒರೆಸಿದರು. ಬಟ್ಟೆಯ ಮೇಲೆ ಚಹಾದ ಬಣ್ಣದ ಗೆರೆ ಬಂತು. ಮತ್ತೆ ಒರೆಸಿದರು, ಮತ್ತೆ ಬಂತು. ನಮ್ಮ ಕಟ್ಟಡದ ಬೇಸ್‌ಮೆಂಟಿನಲ್ಲಿ ದಿನ ಬಿಟ್ಟು ದಿನ ಬಕೆಟ್ಟು ಹಿಡಿದು ಗಾಡಿ ತೊಳೆಯುವವನಿದ್ದಾನೆ. ಕೊಳಕಾದ ಗಾಡಿಯನ್ನು ಬೀದಿಯಲ್ಲಿ ಬಿಟ್ಟುಹೋದರೆ ಮುನಿಸಿಪಾಲಿಟಿ ದಂಡ ಹಾಕುವ ಊರು ಇದು, ಹೊರಮೈ ಸದಾ ಮಿಂಚುತ್ತದೆ. ಬಾಗಿಲು ತೆರೆದರೆ ಮಾತ್ರ ಕಾಣುವ ಆ ಸಂದಿಯನ್ನು ಯಾರೂ ಮುಟ್ಟುವುದಿಲ್ಲ. ಒಂಬತ್ತು ತಿಂಗಳ ಮರುಭೂಮಿ ಅಲ್ಲಿ ಸಂಸಾರ ಹೂಡಿತ್ತು.

ಆಮೇಲೆ ಉಸ್ತಾದರು ಹತ್ತು ದಿರ್ಹಮಿನ ನೋಟು ಕೇಳಿದರು. ನಾನು ಕೊಟ್ಟ ನೋಟನ್ನು ನೋಡಿ ವಾಪಸು ಮಾಡಿದರು. 2022ರಲ್ಲಿ ಬಂದ ಪಾಲಿಮರ್ ನೋಟು ಜಾರುತ್ತದಂತೆ, ಹಳೆಯ ಕಾಗದದ್ದೇ ಬೇಕು. ರಬ್ಬರಿಗೂ ಚೌಕಟ್ಟಿಗೂ ನಡುವೆ ನೋಟಿಟ್ಟು ಬಾಗಿಲು ಹಾಕಿ ಎಳೆದರು. ಕೆಳಗೆ ಬಿಗಿಯಾಗಿ ಬಂದದ್ದು ಮೇಲ್ಮೂಲೆಯಲ್ಲಿ ಸಲೀಸಾಗಿ ಬಂತು. ಅಲ್ಲಿ ಒತ್ತು ಕಡಿಮೆ, ರಬ್ಬರಿಗೆ ಅಲುಗಾಡಲು ಜಾಗ. ಕಂಬದ ಮೇಲೆ ಬಾಗಿಲಿನ ಲಾಕು ಕಚ್ಚಿಕೊಳ್ಳುವ ಉಕ್ಕಿನ ಬಳೆಯಿದೆಯಲ್ಲ, ಸ್ಟ್ರೈಕರ್, ಅದರ ಸುತ್ತ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, ಬೋಲ್ಟು ಸಡಿಲಿಸಿ, ಒಳಕ್ಕೆ ಒಂದು ಚೂರು ಸರಿಸಿ ಬಿಗಿದರು. ಗೆರೆ ಯಾಕೆ ಎಂದರೆ, ಹೆಚ್ಚು ಸರಿಸಿದರೆ ಬಾಗಿಲು ಹಾಕುವಾಗ ಬಡಿಯಬೇಕಾಗುತ್ತದೆ, ಆಗ ಹಳೆಯ ಜಾಗ ಗೊತ್ತಿರಬೇಕು. ಬಾಗಿಲನ್ನು ಅರ್ಧಕ್ಕೆ ತಡೆದು ನಿಲ್ಲಿಸುವ ಡೋರ್ ಚೆಕ್ ಪಟ್ಟಿಗೂ ಬಿಜಾಗರಿಗೂ ಬಿಳಿ ಲಿಥಿಯಂ ಗ್ರೀಸು. ರಬ್ಬರಿಗೆ ಮಾತ್ರ ಸಿಲಿಕಾನ್ ಗ್ರೀಸು, ಅದೂ ಬೆರಳಿಗೆ ತಾಗಿತೋ ಇಲ್ಲವೋ ಎನ್ನುವಷ್ಟು. ಕೂಲಿ ಎಂದು ಅವರು ಹೇಳಿದ ಮೊತ್ತ ನಾನು ಅಲ್ ಕೂಜ್‌ನಲ್ಲಿ ಸ್ಪ್ರೇಗೆ ಕೊಟ್ಟದ್ದಕ್ಕಿಂತ ಕಡಿಮೆಯಿತ್ತು. ಕರಕ್ ಚಾಯ್ ಕುಡಿಸಿಯೇ ಕಳಿಸಿದರು.

ಒಂದು ಸದ್ದು ಅಡಗಿದರೆ ಅದರ ಹಿಂದೆ ಅವಿತಿದ್ದ ಇನ್ನೊಂದು ಎದ್ದು ಬರುತ್ತದೆ. ವಾರ ಕಳೆಯುವುದರೊಳಗೆ ಎಡಬಾಗಿಲಿನ ಒಳಗಿನಿಂದ ಚಿಟಿಚಿಟಿ. ಈ ಸಲ ನಾನೇ ಡೋರ್ ಪ್ಯಾಡ್ ಬಿಚ್ಚಿದೆ. ಅದನ್ನು ಹಿಡಿದಿಡುವ ಪ್ಲಾಸ್ಟಿಕ್ ಕ್ಲಿಪ್ಪುಗಳು ಇಲ್ಲಿನ ಶಾಖಕ್ಕೆ ಹಪ್ಪಳವಾಗಿ ಮುರಿದಿದ್ದವು. ಒಳಗಿನ ವಯರುಗಳ ಕಟ್ಟು ತಗಡಿಗೆ ಬಡಿಯುತ್ತಿತ್ತು. ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಆ ಕ್ಲಿಪ್ಪು ಡಜನ್ನಿನ ಲೆಕ್ಕದಲ್ಲಿ ಸಿಗುತ್ತದೆ. ವಯರಿಗೆ ಬಟ್ಟೆಯ ಟೇಪು ಸುತ್ತಿದರೆ ಆಯಿತು. ಬಾಗಿಲಿನ ತಳದಲ್ಲಿ ನೀರು ಹೋಗಲು ಇಟ್ಟ ತೂತುಗಳೂ ಕಟ್ಟಿಕೊಂಡಿದ್ದವು. ಅದು 2024ರ ಏಪ್ರಿಲ್ 16ರ ಮಳೆಯ ಋಣ. ಅಂದು ಅಲ್ ಐನ್ ಕಡೆಯ ಖತಂ ಅಲ್ ಶಕ್ಲಾದಲ್ಲಿ ಒಂದು ದಿನ ತುಂಬುವುದರೊಳಗೆ 254.8 ಮಿಲಿಮೀಟರ್ ಸುರಿಯಿತು, 1949ರಲ್ಲಿ ದಾಖಲೆ ಇಡತೊಡಗಿದ ಮೇಲೆ ಈ ದೇಶ ಕಂಡ ಅತಿ ದೊಡ್ಡ ಮಳೆ. ಆಗುಂಬೆಯವರು ನಕ್ಕಾರು, ನಗಲಿ. ಮಳೆನೀರು ಹರಿದುಹೋಗಲು ದಾರಿಯೇ ಸಾಲದ ಊರಿನಲ್ಲಿ ಅದು ಕಾರಿನ ಬಾಗಿಲೊಳಗೂ ಕೆಸರು ಹೊಕ್ಕಿಸಿ ಹೋಗಿತ್ತು. ಕಡ್ಡಿ ಹಾಕಿ ಚುಚ್ಚಿದಾಗ ಉದುರಿದ ಮರಳಿನಲ್ಲಿ ಮಗಳಿಗೆ ಆಡಲು ಒಂದು ಬಟ್ಟಲು ತುಂಬುತ್ತಿತ್ತು.

ಪಿಕಪ್ ಇಟ್ಟುಕೊಂಡ ನಮ್ಮವರು ಇಲ್ಲಿ ಬಹಳ ಮಂದಿ ಇದ್ದಾರೆ, ಕರ್ನಾಟಕ ಸಂಘದ ಕಾರ್ಯಕ್ರಮದ ದಿನ ಪಾರ್ಕಿಂಗಿನಲ್ಲಿ ನೋಡಿದರೆ ಗೊತ್ತಾಗುತ್ತದೆ. ಅವರಿಗೆ ಹೇಳುವುದು ಇಷ್ಟೇ. ಅಕ್ಟೋಬರಿನಲ್ಲಿ ಸೆಖೆ ಇಳಿದ ಮೇಲೆ ಒಂದು ಶನಿವಾರ ಬೆಳಿಗ್ಗೆ ನಾಲ್ಕೂ ಬಾಗಿಲು ತೆರೆದಿಟ್ಟು, ಬೀಡಿಂಗನ್ನೂ ಅದು ತಾಗುವ ತಗಡನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಬೆಳ್ಳಗೆ ಬರುವವರೆಗೂ ಒರೆಸಿ. ಖಾಲಿ ಸೀಟಿನ ಬೆಲ್ಟು ಸಿಕ್ಕಿಸಿ. ಅರ್ಧಕ್ಕರ್ಧ ಸದ್ದು ಅಲ್ಲಿಗೇ ಹೋಗುತ್ತದೆ. ಉಳಿದದ್ದಕ್ಕೆ ಮಾತ್ರ ಗ್ಯಾರೇಜಿಗೆ ಹೋಗಿ, ಹೋದರೂ ಸ್ಪ್ರೇ ಡಬ್ಬ ಎತ್ತಿಕೊಂಡವನ ಕೈ ಹಿಡಿಯಿರಿ. ತೆಂಗಿನೆಣ್ಣೆ ಅಡುಗೆಮನೆಯಲ್ಲೇ ಇರಲಿ.